ಬಲಗಡೆ ಕೂತವರ ಪ್ರಾರ್ಥನೆ

ನಾನು ಗುಣವಾಗಿದ್ದೇನೆ ಎಂಬ ಸುದ್ದಿ ನನಗಿಂತ ಮೊದಲು ನಮ್ಮ ಸಭೆಗೆ ಗೊತ್ತಾಯಿತು. ಸಭೆ ಎಂದರೆ ಜಯನಗರದಲ್ಲಿ ನಾವು ಭಾನುವಾರ ಆರಾಧನೆಗೆ ಹೋಗುವ ಕನ್ನಡ ಸಭೆ. ಅದೇ ಕಟ್ಟಡದಲ್ಲಿ ಬೆಳಿಗ್ಗೆ ಇಂಗ್ಲಿಷಿನವರ ಆರಾಧನೆ, ಆಮೇಲೆ ತಮಿಳಿನವರದು, ಅವರೆಲ್ಲ ಮುಗಿಸಿ ಹೊರಟ ಮೇಲೆ ನಮ್ಮದು. ಆ ಭಾನುವಾರ ನಾನು ಆಸ್ಪತ್ರೆಯಲ್ಲಿದ್ದೆ. ನಮ್ಮ ಅತ್ತೆ ಶಾಂತಮ್ಮ ಸಾಕ್ಷಿ ಹೇಳುವ ಹೊತ್ತಿನಲ್ಲಿ ಎದ್ದು ನಿಂತು, ಸೊಸೆಯ ಕ್ರಿಯಾಟಿನಿನ್ ಅರ್ಧಕ್ಕರ್ಧ ಇಳಿದಿದೆ, ಕರ್ತನು ಅವಳನ್ನು ಮುಟ್ಟಿದ್ದಾನೆ ಎಂದು ಹೇಳಿಬಿಟ್ಟರಂತೆ.

ಸಾಕ್ಷಿ ಎಂದರೆ ನಮ್ಮಲ್ಲಿ ದೇವರು ಮಾಡಿದ ಉಪಕಾರವನ್ನು ಎಲ್ಲರೆದುರು ನಿಂತು ಹೇಳುವುದು. ಹೇಳಿದ ಮೇಲೆ ಅದನ್ನು ವಾಪಸ್ ತೆಗೆದುಕೊಳ್ಳುವ ಪದ್ಧತಿ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತು ಸಂಜೆ ಸಭೆಯ ಕೆಲವರು ಹಣ್ಣಿನ ಬುಟ್ಟಿ ಹಿಡಿದು ವಾರ್ಡಿಗೆ ಬಂದರು. ಬುಟ್ಟಿಯ ತುಂಬ ಬಾಳೆಹಣ್ಣು, ಮೋಸಂಬಿ, ಜೊತೆಗೆ ಒಂದು ಎಳನೀರು. ಕಿಡ್ನಿ ಕೆಟ್ಟ ನಾನು ಮುಟ್ಟಲೇಬಾರದ ಪದಾರ್ಥಗಳನ್ನು ಆರಿಸಿ ತಂದ ಹಾಗಿತ್ತು.

ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಬೇಕಾದ ರಕ್ತದ ಕಲ್ಮಶದ ಅಂಕಿ, ಇಳಿದದ್ದು ನಿಜವೇ. ಅದಕ್ಕೆ ಹಿಂದಿನ ದಿನ ನನಗೆ ಮೊದಲ ಡಯಾಲಿಸಿಸ್ ಆಗಿತ್ತು. ಕೊಳೆ ಬಟ್ಟೆ ಒಗೆದರೆ ಬೆಳ್ಳಗಾಗುತ್ತದೆ, ಉಟ್ಟರೆ ಮತ್ತೆ ಕೊಳೆಯಾಗುತ್ತದೆ. ರಕ್ತವೂ ಹಾಗೆಯೇ. ಇದನ್ನು ಅತ್ತೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಅವರು ಉಪವಾಸವಿದ್ದು ಪ್ರಾರ್ಥಿಸಿದ್ದರು, ಅಂಕಿ ಇಳಿದಿತ್ತು, ಎರಡನ್ನೂ ಜೋಡಿಸಿಕೊಂಡಿದ್ದರು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಆದರೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಶಕ್ತಿ ಬೇಕಲ್ಲ.

ಇದು ತೊಂಬತ್ತರ ದಶಕದ ಮಾತು. ನಾನಾಗ ಒಂದು ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದೆ. ಮನೆ ಬನಶಂಕರಿಯಲ್ಲಿ. ಮನೆಯಲ್ಲಿ ನಾನು, ನನ್ನ ಗಂಡ ಜಯಕರ, ಅತ್ತೆ, ಮೂವರೇ. ನಮಗೆ ಮಕ್ಕಳಾಗಲಿಲ್ಲ. ಕಾಲು ಊದುತ್ತಿತ್ತು, ನಿಂತು ಪಾಠ ಮಾಡಿದ್ದಕ್ಕೆ ಎಂದುಕೊಂಡೆ. ಬೆಳಿಗ್ಗೆ ವಾಂತಿಯಾಗುತ್ತಿತ್ತು. ಹನುಮಂತನಗರದ ನಮ್ಮ ಹಳೆಯ ಡಾಕ್ಟರು ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟರು. ಸ್ಟಾಫ್ ರೂಮಿನಲ್ಲಿ ಒಬ್ಬಿಬ್ಬರು ಕೆನ್ನೆ ಹಿಂಡಿ, ಈ ವಯಸ್ಸಿನಲ್ಲಿ ಸಿಹಿ ಸುದ್ದಿಯಾ ಎಂದು ನಕ್ಕಿದ್ದೂ ಉಂಟು. ಕೊನೆಗೆ ಮೆಟ್ಟಿಲು ಹತ್ತುವಾಗ ಉಸಿರು ಸಿಕ್ಕಿಕೊಂಡು, ದೊಡ್ಡ ಆಸ್ಪತ್ರೆಗೆ ಹೋಗಿ, ರಕ್ತ ಕೊಟ್ಟು, ಮರುದಿನ ರಿಪೋರ್ಟ್ ಹಿಡಿದು ಡಾಕ್ಟರ ಮುಂದೆ ಕೂತೆವು.

“ಎರಡೂ ಕಿಡ್ನಿ ಕೆಲಸ ನಿಲ್ಲಿಸ್ತಾ ಇವೆ ಅಮ್ಮಾ,” ಎಂದರು ಡಾಕ್ಟರು.

ಜಯಕರ ಕುರ್ಚಿಯಿಂದ ಎದ್ದರು. “ಸ್ಕೂಟರ್ ಲಾಕ್ ಮಾಡಿದ್ನಾ ಇಲ್ವಾ, ನೋಡ್ಕೊಂಡು ಬರ್ತೀನಿ,” ಎಂದು ಹೊರಗೆ ಹೋದರು. ವಾಪಸ್ ಬಂದಾಗ ಕಣ್ಣು ಕೆಂಪಾಗಿತ್ತು. ಸ್ಕೂಟರ್ ಲಾಕ್ ಆಗಿತ್ತು ಎಂದರು. ಅವತ್ತಿನಿಂದ ಇಂದಿನವರೆಗೂ ನನ್ನ ಕಾಯಿಲೆಯ ವಿಷಯ ಬಂದಾಗಲೆಲ್ಲ ಅವರಿಗೆ ಹೊರಗೆ ಏನೋ ಕೆಲಸ ನೆನಪಾಗುತ್ತದೆ. ಹಾಗೆಂದು ಕಷ್ಟಕ್ಕೆ ಹೆಗಲು ಕೊಡದವರಲ್ಲ. ನನಗಾಗಿ ಅಡುಗೆ ಕಲಿತರು. ತರಕಾರಿ ಹೆಚ್ಚಿ, ನೀರಿನಲ್ಲಿ ನೆನೆಸಿ, ಬಸಿದು, ಮತ್ತೆ ಬೇಯಿಸಿ, ರುಚಿಯೆಲ್ಲ ಹೋದ ಮೇಲೆ ನನಗೆ ಬಡಿಸುವುದನ್ನು ಒಂದು ವ್ರತದಂತೆ ಮಾಡಿದರು. ಮಾತು ಮಾತ್ರ ಅವರಿಂದ ಆಗುವುದಿಲ್ಲ.

ಕಿಡ್ನಿ ಕೊಡುವವರು ಸಿಗಲಿಲ್ಲ. ಜಯಕರರಿಗೆ ಸಕ್ಕರೆ ಕಾಯಿಲೆ, ನನ್ನ ಅಣ್ಣನದು ಹೊಂದಲಿಲ್ಲ. ಹೀಗಾಗಿ ವಾರಕ್ಕೆರಡು ಸಲ ಡಯಾಲಿಸಿಸ್. ಬೆಳಿಗ್ಗೆ ಅತ್ತೆ ಮತ್ತು ನಾನು ಆಟೋದಲ್ಲಿ ಹೋಗುವುದು, ಹೊರಗಿನ ಹಾಲಿನಲ್ಲಿ ಕಾಯುವುದು, ತೂಕ ನೋಡಿಸುವುದು, ಸೂಜಿ ಚುಚ್ಚಿಸಿಕೊಂಡು ಮಲಗುವುದು, ಮಧ್ಯಾಹ್ನದ ಮೇಲೆ ಬಸಿದ ಅನ್ನದ ಹಾಗೆ ಮನೆಗೆ ಬರುವುದು. ಜಯಕರರ ಕಾರ್ಖಾನೆ ಆಸ್ಪತ್ರೆಯ ಖರ್ಚು ನೋಡಿಕೊಳ್ಳುತ್ತಿತ್ತು. ಆ ಒಂದು ಪುಣ್ಯ ನಮಗಿತ್ತು, ಹಾಲಿನಲ್ಲಿ ಕಾಯುತ್ತಿದ್ದ ಎಷ್ಟೋ ಜನಕ್ಕೆ ಅದೂ ಇರಲಿಲ್ಲ.

ನನ್ನ ಪಕ್ಕದ ಮಂಚ ವೆಂಕಟೇಶಪ್ಪನವರದು. ಸುಬ್ರಹ್ಮಣ್ಯಪುರದವರು, ಮೊದಲು ಸೈಕಲ್ ಅಂಗಡಿ ಇಟ್ಟಿದ್ದರಂತೆ. ನಮಗೆಲ್ಲ ದಿನಕ್ಕೆ ಇಷ್ಟೇ ನೀರು ಎಂದು ಅಳತೆ ಇತ್ತು. ಬಾಯಾರಿಕೆಯ ವಿಷಯದಲ್ಲಿ ವೆಂಕಟೇಶಪ್ಪನವರಷ್ಟು ತಮಾಷೆ ಮಾಡುವವರನ್ನು ನಾನು ಕಂಡಿಲ್ಲ.

“ದೇವ್ರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ ಟೀಚರ್, ಹಂಗೆ ನಮ್ಮನೆ ಕತೆ. ಡಾಕ್ಟ್ರು ಅರ್ಧ ಲೋಟ ಮಜ್ಜಿಗೆ ಕುಡೀಬೋದು ಅಂದ್ರು. ನಮ್ಮನೆಯೋಳು ಕಾಲು ಲೋಟಕ್ಕೇ ಕೈ ತಡೀತಾಳೆ.”

ನಾನು ಅವರಿಗೆ ನಮ್ಮ ಸಭೆಯ ಕತೆ ಹೇಳುತ್ತಿದ್ದೆ. ಗುಣವಾಗಿದ್ದೀಯ ಎಂದು ಘೋಷಣೆಯಾದ ಮೇಲೂ ಇಲ್ಲಿ ಬಂದು ಮಲಗಿರುವ ನನ್ನ ಪಾಡು ಅವರಿಗೆ ಬಹಳ ನಗು ತರಿಸುತ್ತಿತ್ತು.

ಸಭೆಯಲ್ಲಿ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಆರಾಧನೆ ಮುಗಿಸಿ ಹೊರಗೆ ಬಂದರೆ, “ಪ್ರೈಸ್ ದ ಲಾರ್ಡ್ ಸಿಸ್ಟರ್, ಇನ್ನೂ ಆಸ್ಪತ್ರೆಗೆ ಹೋಗ್ತಾನೇ ಇದೀರಾ?” ಎನ್ನುವರು. ಒಬ್ಬರು ಎಣ್ಣೆ ತಂದು ಹಚ್ಚಿದರು. ಒಬ್ಬರು ನಮ್ಮ ತಂದೆಯ ಕಡೆ ಯಾರಾದರೂ ಮಾಟ ಮಂತ್ರ ಮಾಡಿಸಿದ್ದರಾ ಎಂದು ಕೇಳಿದರು. ದೇವಪ್ರಿಯಣ್ಣ ಎಂಬ ರಿಟೈರ್ಡ್ ಬ್ಯಾಂಕ್ ಗುಮಾಸ್ತರು ನಮ್ಮ ಸಭೆಯ ಹಿರಿಯರು, ಗಟ್ಟಿ ದನಿಯವರು. ಅವರು ಪ್ರತಿ ವಾರ ನನ್ನ ಎರಡೂ ಕೈ ಹಿಡಿದು, “ಅನುಮಾನ ಪಡ್ಬೇಡಮ್ಮ, ಆಗೋಗಿದೆ, ಆಗೋಗಿದೆ,” ಎನ್ನುವರು. ಕೆಟ್ಟವರಲ್ಲ ಇವರು ಯಾರೂ. ನಾನು ಏಳಲಾರದ ದಿನ ಮನೆಗೆ ಊಟ ತಂದವರು, ಮಳೆಯಲ್ಲಿ ನೆನೆದುಕೊಂಡು ರಕ್ತ ಕೊಡಲು ಬಂದವರು ಇವರೇ. ಆದರೆ ಅವರೆದುರು ನಾನು “ಚೆನ್ನಾಗಿದೀನಿ, ದೇವರಿಗೆ ಸ್ತೋತ್ರ” ಎನ್ನಬೇಕಿತ್ತು. ವರ್ಷಗಟ್ಟಲೆ ಎಂದೆ. ಅತ್ತೆಯ ಸಾಕ್ಷಿ ಸುಳ್ಳಾಗಬಾರದಲ್ಲ.

ಹೀಗಿರುವಾಗ ಒಂದು ದಿನ ವೆಂಕಟೇಶಪ್ಪನವರ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು. ಮೆಷಿನ್ ನೋಡಿಕೊಳ್ಳುವ ಟೆಕ್ನಿಷಿಯನ್ನನ್ನು ಕೇಳಿದೆ.

“ಅವ್ರು ಇನ್ನು ಬರಲ್ವಂತೆ ಮೇಡಂ. ಸಾಕು ಅಂದ್ರಂತೆ. ಮನೇಲೇ ಇದಾರೆ.”

ಕೆಲವೇ ದಿನಗಳಲ್ಲಿ ಅವರು ಹೋದರು. ಅವರ ಹೆಂಡತಿ ಆಸ್ಪತ್ರೆಗೆ ಏನೋ ಕೆಲಸಕ್ಕೆ ಬಂದಾಗ ನನ್ನನ್ನು ಗುರುತಿಸಿ, ಪಕ್ಕದಲ್ಲಿ ಕೂತು, ಕೊನೆಗೆ ಅವರು ಕೇಳಿದಷ್ಟು ಮಜ್ಜಿಗೆ ಕೊಟ್ಟೆ ಟೀಚರ್ ಎಂದು ಅತ್ತರು. ನಾನು ಅವರ ಬೆನ್ನು ಸವರಿದೆ. ನನಗೂ ಅಳು ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು. ಸತ್ತವರನ್ನು ನೆನೆದು ಹೊಟ್ಟೆಕಿಚ್ಚುಪಟ್ಟ ಆ ದಿನ ನನಗೆ ನನ್ನದೇ ಹೆದರಿಕೆಯಾಯಿತು.

ಆಮೇಲೆ ಆ ಯೋಚನೆ ನನ್ನನ್ನು ಬಿಡಲಿಲ್ಲ. ನಿಲ್ಲಿಸಿಬಿಡಲೇ? ನಿಲ್ಲಿಸಿದರೆ ಅದು ಪಾಪವೇ? ಚಿಕ್ಕಂದಿನಿಂದ ನಮಗೆ ಹೇಳಿಕೊಟ್ಟಿದ್ದು, ಪ್ರಾಣ ನಮ್ಮದಲ್ಲ, ಕೊಟ್ಟವನು ಕೇಳುವ ತನಕ ಕಾಯಬೇಕು ಎಂದು. ಸರಿ, ಆದರೆ ಕೊಟ್ಟವನು ಕೇಳಿಯಾಗಿದೆ, ಮೆಷಿನ್ ಒಂದು ಹಿಡಿದುಕೊಂಡಿದೆ ಎಂದಾದರೆ? ಇದನ್ನು ಯಾರ ಹತ್ತಿರ ಕೇಳುವುದು? ಜಯಕರರ ಹತ್ತಿರ ಬಾಯಿ ತೆಗೆದರೆ ಅವರಿಗೆ ಗ್ಯಾಸ್ ಬುಕ್ ಮಾಡುವುದು ನೆನಪಾಗುತ್ತಿತ್ತು. ಅತ್ತೆಯ ಹತ್ತಿರ ಕೇಳುವ ಧೈರ್ಯ ನನಗಿರಲಿಲ್ಲ.

ಬುಧವಾರ ಸಂಜೆ ನಮ್ಮಲ್ಲಿ ಮನೆಕೂಟ. ವಾರಕ್ಕೊಬ್ಬರ ಮನೆಯಲ್ಲಿ ಹತ್ತು ಹನ್ನೆರಡು ಜನ ಸೇರಿ ಕೀರ್ತನೆ ಹಾಡಿ, ಬೈಬಲ್ ವಚನ ಓದಿ, ಪ್ರಾರ್ಥಿಸಿ, ಕಾಫಿ ಕುಡಿದು ಹೋಗುವುದು. ಕೊನೆಯಲ್ಲಿ ಸುತ್ತ ಕೂತ ಒಬ್ಬೊಬ್ಬರೂ ತಮ್ಮ ಪ್ರಾರ್ಥನೆಯ ವಿಷಯ ಹೇಳಬೇಕು, ಪ್ರತಿಯೊಬ್ಬರ ಬಲಗಡೆ ಕೂತವರು ಅದಕ್ಕಾಗಿ ಪ್ರಾರ್ಥಿಸಬೇಕು. ಒಂದು ನಿಯಮವಿತ್ತು: ಏನು ಕೇಳಿದರೋ ಅದನ್ನೇ ದೇವರ ಮುಂದಿಡಬೇಕು, ತಿದ್ದಬಾರದು. ಹಿಂದೊಮ್ಮೆ ಯಾರೋ ಪಕ್ಕದವರ ಮಗನ ಕುಡಿತಕ್ಕೆ ಪ್ರಾರ್ಥಿಸುತ್ತೇನೆಂದು ಕಣ್ಣು ಮುಚ್ಚಿಕೊಂಡು ಆ ಅಪ್ಪ ಅಮ್ಮನಿಗೇ ಚೆನ್ನಾಗಿ ಉಗಿದಿದ್ದರು. ಆಮೇಲೆ ಹಿರಿಯರು ಈ ಕಟ್ಟು ಮಾಡಿದ್ದರು.

ಆ ವಾರ ಕೂಟ ನಮ್ಮ ಮನೆಯಲ್ಲಿ. ಗಂಡಸರಿಗೆ ಗೋಡೆಯ ಪಕ್ಕ ಕುರ್ಚಿ, ಹೆಂಗಸರಿಗೆ ಜಮಖಾನ. ಹೊಸದಾಗಿ ಬಂದಿದ್ದ ಅಯ್ಯನವರೂ, ಅಂದರೆ ನಮ್ಮ ಸಭಾಪಾಲಕರೂ, ಬಂದಿದ್ದರು. ಸಣ್ಣ ವಯಸ್ಸು, ಮೀಸೆ ಇನ್ನೂ ಗಟ್ಟಿಯಾಗಿರಲಿಲ್ಲ. ನನ್ನ ಬಲಗಡೆ ಅತ್ತೆ ಕೂತಿದ್ದರು. ಒಬ್ಬರು ಮಗಳ ಸಂಬಂಧ ಕೂಡಿಬರಲಿ ಎಂದರು, ಒಬ್ಬರು ಸೈಟು ರಿಜಿಸ್ಟ್ರೇಷನ್ ಆಗಲಿ ಎಂದರು. ನನ್ನ ಸರದಿ ಬಂತು. ಎಂದಿನಂತೆ “ಆರೋಗ್ಯಕ್ಕಾಗಿ” ಎಂದು ಹೇಳಿ ಮುಗಿಸುವವಳೇ ಇದ್ದೆ.

“ನಾನು ಡಯಾಲಿಸಿಸ್ ನಿಲ್ಲಿಸ್ಬೇಕು ಅಂತಿದೀನಿ,” ಎಂದೆ. “ತುಂಬ ಸುಸ್ತಾಗಿದೆ. ಗುಣ ಆಗಿದೆ ಅಂತಲ್ಲ, ಯಾವತ್ತೂ ಆಗಿರ್ಲಿಲ್ಲ. ನಿಲ್ಲಿಸಿದ್ರೆ ದೇವರು ನನ್ನ ಕ್ಷಮಿಸ್ಲಿ ಅಂತ ಪ್ರಾರ್ಥನೆ ಮಾಡಿ.”

ಅಡುಗೆಮನೆಯಲ್ಲಿ ಹಾಲು ಕಾಯುವುದು ಕೇಳಿಸುತ್ತಿತ್ತು. ಅದನ್ನು ಆರಿಸಲು ಜಯಕರ ಎದ್ದು ಹೋದರು, ಬಹಳ ಹೊತ್ತು ಬರಲಿಲ್ಲ. ಎಲ್ಲರೂ ಅತ್ತೆಯನ್ನು ನೋಡುತ್ತಿದ್ದರು. ಸರದಿ ಅವರದ್ದು.

ನಮ್ಮ ಅತ್ತೆ ಪ್ರಾರ್ಥಿಸುವಾಗ ಗ್ರಂಥದ ಕನ್ನಡ ಬಳಸುತ್ತಿದ್ದರು. “ಸರ್ವಶಕ್ತನಾದ ಕರ್ತನೇ” ಎಂದು ಶುರು ಮಾಡಿದರೆ ನಿರರ್ಗಳ. ಅವತ್ತು ಕಣ್ಣು ಮುಚ್ಚಿಕೊಂಡರು. ಪ್ರಾರ್ಥನೆ ಮನೆಯ ಕನ್ನಡದಲ್ಲಿ ಶುರುವಾಯಿತು.

“ಅಪ್ಪಾ, ಪ್ರೇಮಾ ಏನೋ ಕೇಳಿದಾಳೆ. ಅದನ್ನ ಕೇಳಕ್ಕೆ ನಂಗೆ ಬಾಯಿ ಬರ್ತಿಲ್ಲ. ಆದ್ರೂ ಕೇಳ್ಬೇಕಲ್ಲ, ಕೇಳ್ತೀನಿ. ಅವಳು ನಿಲ್ಲಿಸಿದ್ರೆ ಕೋಪ ಮಾಡ್ಕೋಬೇಡ. ತುಂಬ ಸುಸ್ತಾಗಿದಾಳೆ. ನಾನು ನೋಡ್ತಾನೇ ಇದೀನಿ, ನೋಡ್ದಂಗೆ ಇದೀನಿ. ಜಯಕರನ ಅಪ್ಪ ಆಸ್ಪತ್ರೇಲಿ ಇದ್ದಾಗ, ಮನೆಗೆ ಕರ್ಕೊಂಡು ಹೋಗು ಶಾಂತಾ ಅಂದ್ರು. ಎಷ್ಟು ಸಲ ಅಂದ್ರು. ನಾನು ಕರ್ಕೊಂಡು ಬರ್ಲಿಲ್ಲ. ನೀನು ಎಬ್ಬಿಸ್ತೀಯ ಅಂತ ಎಲ್ರಿಗೂ ಹೇಳ್ಬಿಟ್ಟಿದ್ದೆ. ನಾನು ಹೊರಗೆ ಬೆಂಚಲ್ಲಿ ಕಣ್ಮುಚ್ಚಿ ಪ್ರಾರ್ಥನೆ ಮಾಡ್ತಾ ಕೂತಿದ್ದೆ, ಒಳಗೆ ಅವ್ರು ಒಬ್ರೇ ಹೋದ್ರು. ಇದನ್ನ ಯಾರಿಗೂ ಹೇಳಿಲ್ಲ. ನಿಂಗೂ ಹೇಳಿಲ್ಲ. ಇವಳ ವಿಷಯದಲ್ಲಿ ನನ್ನ ಕೈಲಿ ಹಂಗೆ ಮಾಡಿಸ್ಬೇಡ. ಆಮೆನ್.”

ಯಾರೂ ಆಮೆನ್ ಎನ್ನಲಿಲ್ಲ. ನನಗೆ ಅತ್ತೆಯ ಕಡೆ ತಿರುಗಲು ಆಗಲಿಲ್ಲ.

ಮೊದಲು ಮಾತಾಡಿದವರು ದೇವಪ್ರಿಯಣ್ಣ. ಅವರ ದನಿ ಅಷ್ಟು ತಗ್ಗಿದ್ದನ್ನು ನಾನು ಕೇಳಿರಲಿಲ್ಲ. “ಅಯ್ನೋರೇ, ತಪ್ಪು ತಿಳೀಬೇಡಿ. ನೋವಾಗ್ಲಿ ಅಂತ ಕೇಳ್ತಿಲ್ಲ. ಅದು... ನಮ್ ಕೈಯಾರೆ ನಾವೇ ಹೋದಂಗೆ ಆಗಲ್ವಾ?”

ಅಯ್ಯನವರು ಕುರ್ಚಿಯಿಂದ ಇಳಿದು ಜಮಖಾನದ ಅಂಚಿನಲ್ಲಿ ಕೂತರು. “ಅಣ್ಣಾ, ಈ ಪ್ರಶ್ನೆಗೆ ಸೆಮಿನರೀಲಿ ನಾಲ್ಕು ಪುಟ ಉತ್ತರ ಬರ್ದು ಪಾಸಾಗಿದೀನಿ. ಅಕ್ಕನ ಮುಂದೆ ಕೂತ್ಕೊಂಡು ಅದನ್ನ ಹೇಳೋಕೆ ನಾಚ್ಕೆ ಆಗ್ತಿದೆ. ಮೆಷಿನ್ ಬೇಡ ಅಂದೋರೆಲ್ಲ ಪ್ರಾಣ ಬೇಡ ಅಂದೋರು ಅಂತ ನಂಗನ್ಸಲ್ಲ. ಆದ್ರೆ ಅಕ್ಕ ಇರ್ಲಿ ಅಂತ ನಂಗೆ ಆಸೆ. ಅಷ್ಟೇ ಗೊತ್ತು.” ಆಮೇಲೆ ನನ್ನ ಕಡೆ ತಿರುಗಿ, “ಯಾವುದು ಜಾಸ್ತಿ ಸುಸ್ತು ಮಾಡುತ್ತೆ ಅಕ್ಕಾ?” ಎಂದು ಕೇಳಿದರು.

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ನನಗೆ ತಡೆಯಲಾಗಲಿಲ್ಲ. ಬಾಯಾರಿಕೆ ಎಂದೆ. ಮೀನಖಂಡ ಹಿಡಿದುಕೊಳ್ಳುವುದು ಎಂದೆ. ತುರಿಕೆ ಎಂದೆ. “ಭಾನುವಾರ ಭಾನುವಾರ ಚೆನ್ನಾಗಿದೀನಿ ಅನ್ನೋದು. ನಿಮ್ಮ ಸ್ತೋತ್ರಕ್ಕೆಲ್ಲ ನಗೋದು. ಅದು ಸೂಜಿಗಿಂತ ನೋವು ಅಯ್ನೋರೇ,” ಎಂದೆ. ಅಷ್ಟು ಹೇಳಿ ಅತ್ತುಬಿಟ್ಟೆ. ಒಬ್ಬರು ಹೆಂಗಸು ನನ್ನ ಪಾದ ಒತ್ತತೊಡಗಿದರು. ದೇವಪ್ರಿಯಣ್ಣ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, ಇನ್ನು ನಾನು ಕೇಳಲ್ಲಮ್ಮ, ನಿಂಗೆ ಹೆಂಗನ್ಸುತ್ತೋ ಹಂಗೇ ಹೇಳು ಎಂದರು. ಆಮೇಲೆ ಒಬ್ಬೊಬ್ಬರೂ ಮಾತಾಡಿದರು. ಸರಿ ತಪ್ಪು ತೀರ್ಮಾನವಾಗಲಿಲ್ಲ. ಕೆಲವರು ತಪ್ಪೇ ಎಂದರು, ಆದರೆ ಪಕ್ಕದಲ್ಲಿ ಕೂತು ಎಂದರು. ನನ್ನ ಹಸಿವು ಅವತ್ತು ತೀರ್ಮಾನದ್ದಾಗಿರಲಿಲ್ಲ.

ಎಲ್ಲರೂ ಹೋದ ಮೇಲೆ ಅತ್ತೆ ಲೋಟ ತೊಳೆಯುತ್ತ, ಮುಖ ತಿರುಗಿಸದೆ ಹೇಳಿದರು. “ಇನ್ಮೇಲೆ ಆಸ್ಪತ್ರೆ ದಿನ ಬೆಳಿಗ್ಗೆ ನಿನ್ನ ಕೇಳ್ತೀನಿ. ಹೋಗ್ತೀಯಾ ಅಂತ. ಹೂಂ ಅಂದ್ರೆ ಆಟೋ. ಇಲ್ಲ ಅಂದ್ರೆ ಇಲ್ಲ. ನಾನೊಂದು ಮಾತೂ ಆಡಲ್ಲ.”

ನಾನು ಇದನ್ನು ನಂಬಲಿಲ್ಲ. ಆದರೆ ಅವರು ಕೇಳಿದರು. ಪ್ರತಿ ಸಲವೂ ಕೇಳಿದರು, ಬಾಯಿಮಾತಿಗಲ್ಲ, ಬಾಗಿಲಲ್ಲಿ ನಿಂತು ಉತ್ತರಕ್ಕೆ ಕಾದು. ನಾನು “ಹೋಗ್ತೀನಿ” ಎನ್ನುತ್ತಿದ್ದೆ. ಬೇಡ ಎನ್ನಬಹುದು ಎಂದು ಗೊತ್ತಾದ ಮೇಲೆ, ಇವತ್ತೊಂದು ದಿನ ಹೋಗಿಬರೋಣ ಎನ್ನಿಸುತ್ತಿತ್ತು. ನಿಮಗೂ ಹಾಗೆಯೇ ಆಗುತ್ತದೆ ಎಂದು ನಾನು ಹೇಳಲಾರೆ. ನನ್ನ ಹಾಗೆ ವರ್ಷಗಟ್ಟಲೆ ಮಲಗಿ ಎದ್ದು ಸುಸ್ತಾದವರು ಇದನ್ನು ಓದುತ್ತಿದ್ದರೆ, ಆ ಸುಸ್ತನ್ನು ಯಾರಾದರೊಬ್ಬರ ಮುಂದೆ ಜೋರಾಗಿ ಹೇಳಿಬಿಡಿ ಎಂದಷ್ಟೇ ನನ್ನ ಕೋರಿಕೆ. ಪಕ್ಕದಲ್ಲಿ ಕೂತವರೂ ಏನನ್ನೋ ನುಂಗಿಕೊಂಡಿರುತ್ತಾರೆ.

ಅತ್ತೆ ತೀರಿಕೊಂಡು ಕೆಲವು ವರ್ಷಗಳಾದವು. ನಾನು ಇನ್ನೂ ಹೋಗುತ್ತಿದ್ದೇನೆ. ಅವರು ಕೊಟ್ಟ ಮಾತಿಗೆ ಪರೀಕ್ಷೆ ಬಂದದ್ದು ಒಂದೇ ಒಂದು ಸಲ, ಒಂದು ಚಳಿಗಾಲದಲ್ಲಿ. ಆಟೋ ಬಾಗಿಲಿಗೆ ಬಂದು ನಿಂತಿತ್ತು. ಹೋಗ್ತೀಯಾ ಎಂದರು. ಅವತ್ತು ನನ್ನಿಂದ ಆಗಲಿಲ್ಲ.

“ಇಲ್ಲ ಅತ್ತೆ,” ಎಂದೆ.

ಅವರ ಮುಖದ ಬಣ್ಣ ಹೋಯಿತು. ಹೊರಗೆ ಹೋಗಿ, “ಇವತ್ತು ಬೇಡಪ್ಪ, ನಾಳೆ ಇದೇ ಹೊತ್ತಿಗೆ ಬಂದು ಕೇಳ್ಕೊಂಡು ಹೋಗು,” ಎಂದು ಆಟೋದವನಿಗೆ ಹೇಳಿ ಕಳಿಸಿದರು. ಒಳಗೆ ಬಂದು ಅವರೆಕಾಯಿ ಸುಲಿಯುತ್ತ ಕೂತರು. ಕಾಳನ್ನು ಸಿಪ್ಪೆಯ ರಾಶಿಗೆ, ಸಿಪ್ಪೆಯನ್ನು ಪಾತ್ರೆಗೆ ಹಾಕುತ್ತಿದ್ದರು. ದಿನವಿಡೀ ನನ್ನ ಹತ್ತಿರವೇ ಇದ್ದರು. ಡಾಕ್ಟರಿಗೆ ಫೋನು ಮಾಡಲಿಲ್ಲ, ಅಯ್ಯನವರನ್ನು ಕರೆಸಲಿಲ್ಲ, ಒಂದು ಕೀರ್ತನೆಯನ್ನೂ ಗುನುಗಲಿಲ್ಲ. ನನಗೆ ಒರಗಿಕೊಂಡಲ್ಲೇ ನಿದ್ದೆ ಬಂತು. ಬಹಳ ದಿನಗಳ ಮೇಲೆ ಬಂದ ನಿದ್ದೆ.

ಮರುದಿನ ಬೆಳಿಗ್ಗೆ ಉಸಿರು ಭಾರವಾಗಿತ್ತು. ಹೋಗ್ತೀಯಾ ಎಂದು ಅವರು ಕೇಳಿದಾಗ ಹೂಂ ಎಂದೆ. ಆಟೋ ಜಯನಗರದ ಕಡೆ ತಿರುಗಿದ ಮೇಲೆ, “ನಿನ್ನೆ ಕೋಪ ಬಂತಾ ಅತ್ತೆ?” ಎಂದು ಕೇಳಿದೆ.

“ಬಂತು.”

“ಮತ್ತೆ ಸುಮ್ನಿದ್ರಿ. ಮನಸ್ಸಲ್ಲೇ ಪ್ರಾರ್ಥನೆ ಮಾಡಿದ್ರಾ?”

“ಇಲ್ಲ ಕಣೇ.” ಡಯಾಲಿಸಿಸ್ಸಿನವರ ಮುಂಗೈಯಲ್ಲಿ ಆಪರೇಷನ್ ಮಾಡಿ ರಕ್ತನಾಳ ಜೋಡಿಸಿರುತ್ತಾರೆ, ಅದರ ಮೇಲೆ ಬೆರಳಿಟ್ಟರೆ ರಕ್ತ ಗುಂಯ್ ಎಂದು ಓಡುವುದು ತಿಳಿಯುತ್ತದೆ. ಅತ್ತೆ ನನ್ನ ಆ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. “ನೀನು ಮಲಗಿದಾಗೆಲ್ಲ ಇದರ ಮೇಲೆ ಬೆರಳಿಟ್ಕೊಂಡು ಕೂತಿದ್ದೆ. ಕಣ್ಣು ಮುಚ್ಚಿದ್ರೆ ನಿಂತೋಗುತ್ತೇನೋ ಅಂತ ಭಯ. ಕಣ್ಣೇ ಮುಚ್ಲಿಲ್ಲ.”

ಆಟೋ ಆಸ್ಪತ್ರೆಯ ಮುಂದೆ ನಿಂತಿತು. ಅವರು ಮೊದಲು ಇಳಿದರು. ಆಟೋದವನಿಗೆ ಸ್ವಲ್ಪ ಇರಪ್ಪ ಎಂದು ಹೇಳಿ, ನನ್ನ ಕಡೆ ಬಗ್ಗಿ ನೋಡಿದರು.

“ಇನ್ನೂ ಬೇಡ ಅನ್ಸಿದ್ರೆ ಹೇಳು ಪ್ರೇಮಾ. ಇದ್ರಲ್ಲೇ ವಾಪಸ್ ಹೋಗೋಣ.”

ನಾನು ಇಳಿದೆ.